ಮುಷ್ಟಿಗೆ ನಿಲ್ಲದ ಮಣ್ಣು

"ಮಣ್ಣು ಕಲಸೋಕೆ ಬರಲ್ಲ ನಿಂಗೆ. ಅನ್ನ ಕಲಸ್ಕೊಳ್ಳೋದು ಮಾತ್ರ ಚೆನ್ನಾಗಿ ಬರುತ್ತೆ."

ದೊಡ್ಡಪ್ಪ ಇದನ್ನು ಕೂಗಿ ಹೇಳಿದ್ದರೆ ಎಷ್ಟೋ ವಾಸಿಯಿತ್ತು. ಕೂಗಲಿಲ್ಲ. ನರ್ಸರಿಯ ಗೇಟಿನ ಬಳಿ, ಹೋಟೆಲಿನ ತೋಟಗಾರನ ಎದುರು, ಕಸಿ ಕಟ್ಟುವ ಹೆಂಗಸರ ಎದುರು, ಗಿಡ ಕೊಳ್ಳಲು ಬಂದು ಸುಮ್ಮನೆ ಸಿಕ್ಕಿಹಾಕಿಕೊಂಡ ಗಂಡ ಹೆಂಡತಿಯ ಎದುರು, ಇವತ್ತು ಬಿಸಿಲು ಜಾಸ್ತಿ ಅನ್ನುವಷ್ಟು ಸಲೀಸಾಗಿ ಹೇಳಿದ. ಹೇಳಿ, ಕನ್ನಡಕ ಒರೆಸಿಕೊಂಡ. ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ನಗಬಾರದಿತ್ತು ಅಂತ ಆಮೇಲೆ ಹೊಳೆದು ಕೆಮ್ಮಿದ ಹಾಗೆ ಮಾಡಿದಳು.

ಬೈಸಿಕೊಂಡವನನ್ನು ಅಲ್ಲಿ ಎಲ್ಲರೂ ಕರೆಯುವುದು ಬೆಂಕಿಪೊಟ್ಟಣ ಅಂತ. ಗೀರಿದರೆ ಸಾಕು ಹತ್ತಿಕೊಳ್ಳುತ್ತಾನೆ ಅಂತ ಕಸಿ ಕಟ್ಟುವ ಹೆಂಗಸರಲ್ಲಿ ಹಿರಿಯಳಾದ ಕಸಿಯಕ್ಕ ಇಟ್ಟ ಹೆಸರು. ಬಳಸಿ ಬಳಸಿ ಬೆಂಕಿ ಉದುರಿಹೋಗಿ ಬರೀ ಪೊಟ್ಟಣ ಉಳಿದಿತ್ತು. ಅಪ್ಪ ತೀರಿಕೊಂಡ ವರ್ಷ ಶಾಲೆ ಬಿಟ್ಟು ದೊಡ್ಡಪ್ಪನ ನರ್ಸರಿಗೆ ಬಂದವನು. ಅಂದಿನಿಂದ ದೊಡ್ಡಪ್ಪನ ಮನೆಯಲ್ಲಿ ಊಟ, ದೊಡ್ಡಪ್ಪನ ಮಣ್ಣಿನ ಶೆಡ್ಡಿನಲ್ಲಿ ಕೆಲಸ. ಹಾಗಾಗಿ ಆ ಮಾತು ಎಲ್ಲಿ ನಾಟಬೇಕೋ ಸರಿಯಾಗಿ ಅಲ್ಲೇ ನಾಟಿತು.

ಹೋಟೆಲಿನ ತೋಟಗಾರ ಗಾಡಿ ತುಂಬ ಗುಲಾಬಿ ಕುಂಡಗಳನ್ನು ವಾಪಸ್ಸು ತಂದಿದ್ದ. ಎಲೆಯೆಲ್ಲ ಹಳದಿ, ಮೊಗ್ಗು ಅರಳುವ ಮೊದಲೇ ಕತ್ತು ಬಗ್ಗಿಸಿತ್ತು. ಪೊಟ್ಟಣ ಒಂದು ಕುಂಡವನ್ನು ಬೋರಲು ಹಾಕಿ ಬುಡಕ್ಕೆ ತಟ್ಟಿದ. ಮಣ್ಣು ಉದುರಲಿಲ್ಲ. ಅಚ್ಚಿನಿಂದ ಇಟ್ಟಿಗೆ ಬಿಟ್ಟುಕೊಂಡ ಹಾಗೆ ಇಡಿಯಾಗಿ ಕೆಳಗೆ ಕೂತಿತು. ಮೇಲ್ಭಾಗ ಒಣಗಿ ಬಿರುಕು ಬಿಟ್ಟಿದೆ, ಕೆಳಭಾಗ ಲೊಳಲೊಳ, ಬೇರು ಕಂದಾಗಿ ನಾತ ಹೊಡೆಯುತ್ತಿದೆ. ಮೇಲೆ ಒಣಗಿದ್ದು ನೋಡಿ ಪಾಪ ತೋಟಗಾರ ದಿನಾ ನೀರು ಹಾಕಿದ್ದಾನೆ, ಕೆಳಗೆ ಬೇರು ಉಸಿರು ಕಟ್ಟಿ ಸತ್ತಿದೆ. ಇದು ಜೇಡಿಮಣ್ಣಿನ ಕೆಲಸ. ಪೊಟ್ಟಣನ ಗುಲಾಬಿ ಮಿಶ್ರಣದಲ್ಲಿ ಜೇಡಿಮಣ್ಣು ಇರುತ್ತಲೇ ಇರಲಿಲ್ಲ.

ಹಾಗಂತ ಹೇಳಲು ಬಾಯಿ ತೆಗೆದ. ಅಷ್ಟರಲ್ಲಿ ದೊಡ್ಡಪ್ಪ ತೀರ್ಮಾನ ಮುಗಿಸಿಬಿಟ್ಟಿದ್ದ. ಹೊಸ ರಾಶಿಯೊಂದನ್ನು ಕಲಸಬೇಕು, ನಾಡಿದ್ದು ಸಂಜೆ ತೋಟಗಾರ ಬಂದು ಮಣ್ಣು ನೋಡಿ ಒಪ್ಪಿದರೆ ಅದರಲ್ಲೇ ಬೇರೆ ಗುಲಾಬಿ ನೆಟ್ಟುಕೊಡುವುದು. ಒಪ್ಪದಿದ್ದರೆ ಅಳಿಯ ಹೇಳಿದ ಹಾಗೆ ಪೇಟೆಯಿಂದ ಚೀಲದ ಮಣ್ಣು ತರಿಸುವುದು, ಶೆಡ್ಡಿಗೆ ಬೀಗ ಜಡಿಯುವುದು, ಪೊಟ್ಟಣ ಇನ್ನು ಮೇಲೆ ಕುಂಡ ಹೊರುವುದು.

ಅಳಿಯ ಎಂದರೆ ದೊಡ್ಡಪ್ಪನ ಮಗಳ ಗಂಡ, ಪೊಟ್ಟಣನಿಗೆ ಭಾವ. ವ್ಯಾನ್ ಓಡಿಸುವುದು, ಗಿರಾಕಿಗಳಿಗೆ ಗಿಡ ಮುಟ್ಟಿಸುವುದು ಅವನ ಪಾಲಿನ ಕೆಲಸ. ಅವನು ಆ ಹೊತ್ತಿನಲ್ಲಿ ವ್ಯಾನಿಗೆ ಒರಗಿ ನಿಂತು ಅದರ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ನಗಲಿಲ್ಲ. ನಗದೇ ಇದ್ದದ್ದೇ ಪೊಟ್ಟಣನಿಗೆ ಅನುಮಾನ ಹುಟ್ಟಿಸಿತು. ಬೇರೆ ದಿನ ಸಣ್ಣ ಮಾತಿಗೂ ಹಲ್ಲು ಕಿರಿಯುವ ಮನುಷ್ಯ, ಇಂಥ ಹಬ್ಬದಂಥ ಮಾತಿಗೆ ಯಾಕೆ ಮುಖ ಗಂಟು ಹಾಕಿಕೊಂಡಿದ್ದಾನೆ?

ಆ ರಾತ್ರಿ ಊಟಕ್ಕೆ ಕೂತಾಗ ಪೊಟ್ಟಣನ ಕೈ ತಟ್ಟೆಯಲ್ಲಿ ಓಡಲಿಲ್ಲ. ಕಲಸಿದರೆ ದೊಡ್ಡಪ್ಪ ನೋಡುತ್ತಾನೆ, ಕಲಸದಿದ್ದರೆ ದೊಡ್ಡಮ್ಮ ಕೇಳುತ್ತಾಳೆ. ಎದ್ದುಬಿಟ್ಟ.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋಗಿ ಒಬ್ಬನೇ ನಿಂತ. ಗೋಡೆಯುದ್ದಕ್ಕೂ ಕಲ್ಲಿನ ಕಟ್ಟೆ ಕಟ್ಟಿ ಮಣ್ಣುಗಳನ್ನು ಬೇರೆ ಬೇರೆ ಕೂರಿಸಿದ್ದರು. ಅವನಿಗೆ ಅವು ಮಣ್ಣುಗಳಲ್ಲ, ಒಂದೇ ಸೂರಿನ ಕೆಳಗೆ ಬದುಕುವ ಬಂಧುಬಳಗ. ಮರಳು ಯಾರನ್ನೂ ಹಿಡಿದಿಟ್ಟುಕೊಳ್ಳದ ಆಸಾಮಿ, ನೀರು ಬಂದರೂ ಹೋಗಪ್ಪ, ಗೊಬ್ಬರ ಬಂದರೂ ಹೋಗಪ್ಪ. ಕೆಂಪು ಮಣ್ಣು ಬಡವ, ಆದರೆ ಸಡಿಲ ಮನಸ್ಸಿನವನು, ಬೇರು ಎಲ್ಲಿಗೆ ಹೊರಟರೂ ದಾರಿ ಬಿಡುತ್ತಾನೆ. ನದಿ ಬಿಟ್ಟುಹೋದ ಮೆಕ್ಕಲು ಮಣ್ಣು ನುಣ್ಣಗೆ, ಗೋಧಿ ಹಿಟ್ಟಿನ ಹಾಗೆ, ಯಾವ ಗಿಡದ ಜೊತೆಗೂ ಹೊಂದಿಕೊಳ್ಳುವಂಥದ್ದು. ಸುಣ್ಣದಂಶದ ಬಿಳಿಮಣ್ಣು ಕೊಂಕು ಬುದ್ಧಿಯದು, ಗೊಬ್ಬರ ಎದುರಿಗಿದ್ದರೂ ಗಿಡ ತಿನ್ನದ ಹಾಗೆ ಮಾಡಿ, ನರ ಹಸಿರಾಗಿ ಉಳಿದು ಎಲೆ ಹಳದಿಯಾಗುವಂತೆ ಮಾಡುತ್ತದೆ. ಎಲೆಗೊಬ್ಬರ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಉಣ್ಣಿಸುವ ಅಜ್ಜಿ. ಕೊನೆಯ ಕಟ್ಟೆಯಲ್ಲಿ ಕಪ್ಪು ಜೇಡಿಮಣ್ಣು. ಕೈಗೆ ಬಂದದ್ದನ್ನು ಬಿಡುವುದಿಲ್ಲ, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಸೆಟೆದು ಬಿರಿಯುತ್ತದೆ. ಅದನ್ನು ತಂದಿಟ್ಟದ್ದು ತಾವರೆ ತೊಟ್ಟಿಗಳಿಗೆ ಮಾತ್ರ. ತಾವರೆಗೆ ಕಾಲು ಕೆಸರಿನಲ್ಲಿದ್ದರೇ ಸುಖ.

ಆ ಜೇಡಿಮಣ್ಣಿನ ರಾಶಿ ಒಂದು ಕಡೆ ಗುಳಿ ಬಿದ್ದಿತ್ತು. ಪೊಟ್ಟಣ ಬಗ್ಗಿ ನೋಡಿದ. ಸಲಿಕೆಯ ಗುರುತು. ಈ ತಿಂಗಳಲ್ಲಿ ಒಂದೇ ಒಂದು ತಾವರೆ ತೊಟ್ಟಿಯೂ ಗೇಟು ದಾಟಿರಲಿಲ್ಲ.

ಅಲ್ಲಿಗೆ ಅನುಮಾನಕ್ಕೆ ಕೈಕಾಲು ಮೂಡಿತು. ಚೀಲದ ಮಣ್ಣಿನ ಅಂಗಡಿಯವನ ಜೊತೆ ಭಾವ ಹೆಗಲ ಮೇಲೆ ಕೈ ಹಾಕಿಕೊಂಡು ತಿರುಗುತ್ತಾನೆ. ಶೆಡ್ಡು ಮುಚ್ಚಿದರೆ ಆ ಜಾಗದಲ್ಲಿ ವ್ಯಾನ್ ನಿಲ್ಲಿಸಬಹುದು ಅಂತ ತನ್ನ ಹೆಂಡತಿಯ, ಅಂದರೆ ಪೊಟ್ಟಣನ ಅಕ್ಕನ ಹತ್ತಿರ ಹೇಳಿದ್ದೂ ಗೊತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನರ್ಸರಿಯಲ್ಲೇ ಉಳಿಯುವವನು ಅವನೊಬ್ಬನೇ, ವ್ಯಾನಿನಲ್ಲಿ ಮಲಗುತ್ತೇನೆ ಅನ್ನುವ ನೆಪದಲ್ಲಿ. ಕಸಿಯಕ್ಕನ ಮೇಲೂ ಒಂದು ಗಳಿಗೆ ಗುಮಾನಿ ಬಂತು, ಅವಳ ತಮ್ಮನಿಗೆ ಶೆಡ್ಡಿನ ಕೆಲಸ ಬೇಕಿತ್ತು. ನೀರು ಹಾಕುವ ಆಳಿನ ಮೇಲೂ ಬಂತು. ಹೀಗೆ ನರ್ಸರಿಯನ್ನು ಒಂದು ಸುತ್ತು ಹೊಡೆದು, ಅನುಮಾನ ಮತ್ತೆ ವ್ಯಾನಿನ ಬಾಗಿಲಿಗೇ ಬಂದು ನಿಂತಿತು.

ರಾಶಿ ಕಲಸಿದ. ಕೆಂಪು ಮಣ್ಣು, ಮೆಕ್ಕಲು, ಮರಳು, ಎಲೆಗೊಬ್ಬರ, ಹಳೆಯ ಸಗಣಿ ಗೊಬ್ಬರ. ಒಂದೊಂದನ್ನೂ ಜರಡಿ ಹಿಡಿದು, ನೀರು ಚಿಮುಕಿಸಿ, ಮಗುಚಿ ಮಗುಚಿ ಹದ ತಂದ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಸುಕಿ ಬೆರಳು ಬಿಚ್ಚಿದ. ಉಂಡೆ ನಿಂತಿತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ, ಪುಡಿಯಾಯಿತು. ಗುಲಾಬಿಗೆ ಬೇಕಾದ ಮಣ್ಣು ಹೀಗಿರಬೇಕು, ಕೂಡಿರಬೇಕು, ಆದರೆ ಒಂದು ಮಾತಿಗೆ ಬಿಟ್ಟುಕೊಡಬೇಕು. ಇದನ್ನು ಅವನಿಗೆ ಕಲಿಸಿದ್ದು ದೊಡ್ಡಪ್ಪನೇ. ಆ ಮುಷ್ಟಿಯೇ ನರ್ಸರಿಯ ಮೊಹರು. ಗಿರಾಕಿ ಬಂದಾಗ ದೊಡ್ಡಪ್ಪ ರಾಶಿಯ ಎದುರು ನಿಂತು, ಒಂದು ಹಿಡಿ ಹಿಸುಕಿ, ಅಂಗೈ ಬಿಚ್ಚಿ ಉಂಡೆಯನ್ನು ತೋರಿಸುತ್ತಿದ್ದ. ಮುದುಕನ ಮುಷ್ಟಿ ದಾಟಿದ ಮಣ್ಣು ಅಂತಲೇ ಜನ ದೂರದಿಂದ ಬರುತ್ತಿದ್ದರು.

ಪೊಟ್ಟಣ ಗಾಜಿನ ಬಾಟಲಿಯೊಂದಕ್ಕೆ ಅರ್ಧ ಮಣ್ಣು, ಅರ್ಧ ನೀರು ತುಂಬಿ, ಚೆನ್ನಾಗಿ ಕುಲುಕಿ ಕಿಟಕಿಯ ಮೇಲಿಟ್ಟ. ಊಟ ಮುಗಿಸಿ ಬಂದವನೇ ಅದೇ ರಾಶಿಯಿಂದ ಇನ್ನೊಂದು ಬಾಟಲಿ ತುಂಬಿದ. ಸಂಜೆಯ ಹೊತ್ತಿಗೆ ಎರಡೂ ಮಾತಾಡಿದವು. ಮೊದಲನೆಯದರಲ್ಲಿ ಮರಳು ತಳಕ್ಕೆ ಕೂತು, ಅದರ ಮೇಲೆ ಮೆಕ್ಕಲು ಕೂತು, ಮೇಲಿನ ನೀರು ತಿಳಿಯಾಗುತ್ತಾ ಬಂದಿತ್ತು. ಎರಡನೆಯದು ಇನ್ನೂ ಕಾಫಿಯ ಹಾಗೆ ಕದಡಿಕೊಂಡೇ ಇತ್ತು. ಜೇಡಿ ಬಿದ್ದರೆ ಹಾಗೇ, ಅದು ನೀರಿನಲ್ಲಿ ತೇಲಾಡುತ್ತಾ ಕೆಳಗಿಳಿಯಲು ಮೀನಮೇಷ ಎಣಿಸುತ್ತದೆ. ಅಂದರೆ ಊಟದ ಹೊತ್ತಿನಲ್ಲಿ ಯಾರೋ ರಾಶಿಗೆ ಕೈ ಹಾಕಿದ್ದಾರೆ.

ಎರಡೂ ಬಾಟಲಿ ಹಿಡಿದುಕೊಂಡು ಹೊರಗೆ ಬಂದ. ವ್ಯಾನಿನ ಹತ್ತಿರ ಭಾವ ಬೂಟು ಕೊಡವುತ್ತಿದ್ದ. ಬೂಟಿನ ಅಂಚಿಗೆ ಕಪ್ಪು ಮಣ್ಣು. ಇನ್ನೇನು ಬೇಕಿತ್ತು.

"ಬೂಟಿಗೇನು ಮೆತ್ತಿದೆ ಭಾವ?"

"ಮಣ್ಣು. ನರ್ಸರೀಲಿ ಇನ್ನೇನು ಮೆತ್ತುತ್ತೆ, ಬೆಣ್ಣೆನಾ?"

"ಜೇಡಿ ಮೆತ್ತಿದೆ. ನನ್ನ ರಾಶಿಗೆ ಸುರಿದು ಬಂದಿದೀಯ. ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಗುಲಾಬಿ ಬೇರು ಕೊಳೆಸ್ತಿದೀಯ."

ನೀವು ಅನ್ನುತ್ತಿದ್ದವನ ಬಾಯಲ್ಲಿ ನೀನು ಬಂದದ್ದಕ್ಕೆ ಕಸಿ ಕಟ್ಟುತ್ತಿದ್ದ ಕೈಗಳೆಲ್ಲ ನಿಂತವು. ಭಾವನ ಮುಖ ಕೆಂಪಾಯಿತು. ತಾವರೆ ತೊಟ್ಟಿಗಳ ನೀರು ಬದಲಿಸಲು ಮಾವನೇ ಬೆಳಿಗ್ಗೆ ಹೇಳಿದ್ದರು, ಅಲ್ಲಿ ಕಾಲಿಟ್ಟರೆ ಬೂಟಿಗೆ ಜೇಡಿ ಮೆತ್ತದೆ ಬೆಳ್ಳಿ ಮೆತ್ತುತ್ತದೆಯೇ ಅಂತ ಕೇಳಿದ. ಚೀಲದ ಮಣ್ಣು ತರಿಸೋಣ ಅಂತ ಬಾಯಿಬಿಟ್ಟು ಎಲ್ಲರ ಎದುರೇ ಹೇಳಿರುವಾಗ ಕಳ್ಳತನದಲ್ಲಿ ಕಲಬೆರಕೆ ಮಾಡಲು ತನಗೇನು ಹುಚ್ಚೇ ಅಂತಲೂ ಕೇಳಿದ. ಪೊಟ್ಟಣ ಬಾಟಲಿಯನ್ನು ಅವನ ಮೂಗಿನ ಹತ್ತಿರ ಹಿಡಿದ. ಭಾವ ಅದನ್ನು ಬೆರಳಿನಿಂದ ಆಚೆ ತಳ್ಳಿದ.

"ಸುಮ್ಮಸುಮ್ಮನೆ ನನ್ನ ಮೇಲೆ ಗೂಬೆ ಕೂರಿಸಬೇಡ. ನಾಳೆ ಸಂಜೆ ತೋಟದವನು ಬರ್ತಾನಲ್ಲ, ಅವನ ಮುಂದೆ, ಮಾವನ ಮುಂದೆ ಹೇಳು ಯಾರು ಅಂತ. ಹೇಳೋಕಾಗದಿದ್ರೆ ನೀನೇ ಸುಳ್ಳುಬುರುಕ ಅಂತ ಒಪ್ಕೊ."

"ಹೇಳ್ತೀನಿ," ಅಂದ ಪೊಟ್ಟಣ.

ಕಸಿಯಕ್ಕ ಬಾಳೆನಾರು ಹಲ್ಲಿನಲ್ಲಿ ಕಚ್ಚಿಕೊಂಡೇ, ಬೆಂಕಿಪೊಟ್ಟಣ ಇವತ್ತು ಪೂರ್ತಿ ಹತ್ತಿಕೊಂಡಿತು ಕಣೇ, ದೂರ ಕೂತ್ಕೋ ಅಂತ ಪಕ್ಕದವಳಿಗೆ ಹೇಳಿದಳು. ದೊಡ್ಡಪ್ಪ ಆಫೀಸಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಬಾಗಿಲು ಎಳೆದುಕೊಂಡು ಒಳಗೆ ಹೋದ. ಅಳಿಯನ ಪರ ಅಂತ ಪೊಟ್ಟಣ ಅರ್ಥ ಮಾಡಿಕೊಂಡ.

ಮಾರನೇ ದಿನ ಕೆಟ್ಟ ರಾಶಿಯನ್ನು ಮೂಲೆಗೆ ಎಳೆದು ಹೊಸದಾಗಿ ಕಲಸಿದ. ಊಟದ ಗಂಟೆ ಬಾರಿಸಿದಾಗ ಎಲ್ಲರ ಜೊತೆ ಗೇಟಿನವರೆಗೆ ಹೋದ, ಬೇಲಿಯ ಸಂದಿಯಿಂದ ನುಸುಳಿ ವಾಪಸ್ಸು ಬಂದ. ಹೊರಗಿನ ಕೆಸರಿನ ಜೊತೆ ಗಿಡದ ರೋಗ ಒಳಗೆ ಬರಬಾರದು ಅಂತ ಶೆಡ್ಡಿಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಕಳ್ಳನನ್ನು ಹಿಡಿಯುವ ಅವಸರದಲ್ಲೂ ಆ ಅಭ್ಯಾಸ ಬಿಡಲಿಲ್ಲ. ಬಾಗಿಲ ಮಗ್ಗುಲಿಗೆ ಚಪ್ಪಲಿ ಕಳಚಿ ಒಳಗೆ ಹೋಗಿ ಖಾಲಿ ಗೋಣಿಚೀಲಗಳ ಹಿಂದೆ ಕುಕ್ಕರುಗಾಲಲ್ಲಿ ಕೂತ. ಭಾವ ಬಂದ ಕೂಡಲೇ ಕುತ್ತಿಗೆ ಪಟ್ಟಿ ಹಿಡಿದು ಎಳೆದುಕೊಂಡು ಹೋಗಬೇಕು. ಏನೇನು ಬೈಯಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ ಕೂತ. ಹೊರಗೆ ವ್ಯಾನಿನಿಂದ ಗೊರಕೆ ಕೇಳಿಸುತ್ತಿತ್ತು. ನಾಟಕ ಆಡ್ತಿದಾನೆ ಅಂದುಕೊಂಡ.

ಗೊರಕೆ ನಿಲ್ಲಲಿಲ್ಲ. ಆದರೂ ಬಾಗಿಲಿನಲ್ಲಿ ಕತ್ತಲಾಯಿತು. ಯಾರೋ ಒಳಗೆ ಬಂದರು.

ದೊಡ್ಡಪ್ಪ.

ಪೊಟ್ಟಣ ಎದ್ದು ಬರಬೇಕು ಅನ್ನುವಷ್ಟರಲ್ಲಿ ಮುದುಕ ರಾಶಿಯ ಮುಂದೆ ಬಗ್ಗಿದ. ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ಅಂಗೈ ಬಿಚ್ಚಿದ. ಮಣ್ಣು ಪುಡಿಪುಡಿಯಾಗಿ ಬೆರಳ ಸಂದಿಯಿಂದ ಸೋರಿಹೋಯಿತು. ಇನ್ನೊಂದು ಹಿಡಿ. ಅದೂ ಸೋರಿತು. ಕೈ ಬದಲಿಸಿ ನೋಡಿದ. ಎಡಗೈಯಲ್ಲೂ ನಿಲ್ಲಲಿಲ್ಲ. ಬೆಳಿಗ್ಗೆ ತಾನೇ ಅದೇ ಮಣ್ಣು ಪೊಟ್ಟಣನ ಕೈಯಲ್ಲಿ ಉಂಡೆಯಾಗಿ ನಿಂತಿತ್ತು. ಮಣ್ಣು ಬದಲಾಗಿರಲಿಲ್ಲ. ದೊಡ್ಡಪ್ಪನ ಬೆರಳುಗಳು ಮಣ್ಣಿನ ಸುತ್ತ ಸುಮ್ಮನೆ ಮಡಿಚಿಕೊಳ್ಳುತ್ತಿದ್ದವು, ಬಿಗಿಯುತ್ತಿರಲಿಲ್ಲ. ಬಿಗಿಯುತ್ತಿಲ್ಲ ಅನ್ನುವುದು ಆ ಬೆರಳುಗಳಿಗೇ ಗೊತ್ತಿರಲಿಲ್ಲ. ಮುದುಕನಿಗಿದ್ದ ಹಳೆಯ ಸಕ್ಕರೆ ಕಾಯಿಲೆ ಕೈಯ ಸ್ಪರ್ಶವನ್ನು ತಿಂದುಹಾಕಿತ್ತು.

ಮುದುಕ ಜೇಡಿಯ ಕಟ್ಟೆಗೆ ಹೋಗಿ ಬುಟ್ಟಿ ತುಂಬಿ ತಂದು ಸುರಿದ. ಕಲಸಿದ, ಹಿಸುಕಿದ, ಬಿಚ್ಚಿದ. ಮತ್ತೆ ಬುಟ್ಟಿ. ಏದುಸಿರು ಬಿಡುತ್ತಿದ್ದ. ಕೊನೆಗೆ, ಗುಲಾಬಿಯ ಬೇರು ಉಸಿರಾಡಲಾರದಷ್ಟು ಜೇಡಿ ಬಿದ್ದ ಮೇಲೆ, ಆ ಸಡಿಲ ಮುಷ್ಟಿಯಲ್ಲಿ ಉಂಡೆ ನಿಂತಿತು. ಸಂಜೆ ತೋಟಗಾರನ ಮುಂದೆ ತೋರಿಸಲು ಆಗುವಷ್ಟು ನಿಂತಿತು. ದೊಡ್ಡಪ್ಪ ಅದನ್ನು ಬಹಳ ಹೊತ್ತು ನೋಡಿದ.

ಪೊಟ್ಟಣನ ಮೊದಲ ಸಿಟ್ಟು ಎಲ್ಲಿ ಹೋಯಿತೋ, ಅದರ ಜಾಗಕ್ಕೆ ಇನ್ನೊಂದು ಬಂದು ಕೂತಿತು. ಹಾಗಾದರೆ ಗೇಟಿನ ಬಳಿ ಅಂದದ್ದು? ಪೊಟ್ಟಣನಿಗೆ ಕಲಸಲು ಬರುವುದಿಲ್ಲ, ಮರಳು ಜಾಸ್ತಿ ಹಾಕುತ್ತಾನೆ, ತಾನು ಗುಟ್ಟಾಗಿ ಸರಿ ಮಾಡುತ್ತಿದ್ದೇನೆ ಅಂತ ಮುದುಕ ನಿಜವಾಗಿಯೂ ನಂಬಿದ್ದಾನೋ? ಅಥವಾ ಕೈ ಸತ್ತದ್ದು ಗೊತ್ತಿದ್ದೇ, ಬೇರೆಯವನ ತಲೆಗೆ ಕಟ್ಟಿ, ಊರ ಮುಂದೆ ಅನ್ನದ ಮಾತಾಡಿದ್ದಾನೋ? ಎರಡರಲ್ಲಿ ಯಾವುದು ಅಂತ ಆ ಮುಖ ನೋಡಿ ಹೇಳಲು ಆಗಲಿಲ್ಲ. ಚೀಲದ ಹಿಂದಿನಿಂದ ಬೆನ್ನು ಮಾತ್ರ ಕಾಣುತ್ತಿತ್ತು.

ದೊಡ್ಡಪ್ಪ ಹೋದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಬಂದ. ಬಾಗಿಲಲ್ಲಿ ದೊಡ್ಡಪ್ಪನ ಚಪ್ಪಲಿ ಇತ್ತು. ತನ್ನದು ಇರಲಿಲ್ಲ. ಪೊಟ್ಟಣನ ಚಪ್ಪಲಿ ದೊಡ್ಡಪ್ಪನದಕ್ಕಿಂತ ಎರಡು ಬೆರಳು ಉದ್ದ, ಹಿಮ್ಮಡಿ ಸವೆದದ್ದು, ಪಟ್ಟಿ ಬೇರೆ ಬಣ್ಣದ್ದು. ಕೈಯ ಹಾಗೆ ಕಾಲಿಗೂ ಏನೂ ತಿಳಿಯದೆ ಮುದುಕ ಅದನ್ನು ಮೆಟ್ಟಿಕೊಂಡು ಹೋದನೇ? ಇಲ್ಲ, ಒಳಗೆ ಯಾರಿದ್ದಾರೆ ಅಂತ ತಿಳಿದೇ ಮೆಟ್ಟಿಕೊಂಡು ಹೋದನೇ?

ರಾಶಿಯನ್ನು ಮತ್ತೆ ಸರಿಮಾಡಲು ಹೊತ್ತು ಸಿಗಲಿಲ್ಲ. ತೋಟಗಾರ ಹೇಳಿದ್ದಕ್ಕಿಂತ ಮುಂಚೆಯೇ ಬಂದ. ಭಾವ ಅವನನ್ನು ನೇರ ಶೆಡ್ಡಿಗೇ ಕರೆತಂದ, ಹಿಂದೆಯೇ ಹೆಂಗಸರೂ ಬಂದರು, ತಮಾಷೆ ನೋಡಲು ಯಾರಿಗೆ ಬೇಡ. ದೊಡ್ಡಪ್ಪ ಎಲ್ಲರ ಮುಂದೆ ಒಂದು ಹಿಡಿ ತೆಗೆದ, ಮುಷ್ಟಿ ಕಟ್ಟಿ ಬಿಚ್ಚಿದ, ಉಂಡೆ ನಿಂತಿತು. ನೋಡಿ ಅನ್ನುವ ಹಾಗೆ ಅಂಗೈ ಮುಂದೆ ಚಾಚಿದ. ತೋಟಗಾರ ಈ ಸಲ ಉಂಡೆಯನ್ನು ನೋಡಿ ತಲೆಯಾಡಿಸಲಿಲ್ಲ. ಗುಲಾಬಿ ಸತ್ತು ಅವನೂ ಯಜಮಾನನ ಹತ್ತಿರ ಬೈಸಿಕೊಂಡಿದ್ದ. ತಾನೇ ಬಗ್ಗಿ ಮಣ್ಣು ತೆಗೆದುಕೊಂಡು ಎರಡು ಬೆರಳ ನಡುವೆ ಹೊಸೆದ. ಅದು ಹಿಟ್ಟಿನ ಹಾಗೆ ಉದ್ದಕ್ಕೆ ಪಟ್ಟಿಯಾಗಿ ಜೋತುಬಿತ್ತು.

ಇದು ಮಡಕೆ ಮಾಡೋ ಮಣ್ಣು ಸ್ವಾಮಿ, ಗುಲಾಬಿ ಮಣ್ಣಲ್ಲ ಅಂದ. ಅಂದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಭಾವ ಪೊಟ್ಟಣನ ಕಡೆ ತಿರುಗಿದ.

"ನಿನ್ನೆ ಬಾಟಲಿ ಹಿಡ್ಕೊಂಡು ಕುಣೀತಿದ್ಯಲ್ಲ. ಇವತ್ತು ಊಟಕ್ಕೂ ಹೋಗಿಲ್ಲ, ಕಾವಲು ಕೂತಿದ್ದೆ ಅಂತ ನನಗೂ ಗೊತ್ತು. ಹೇಳು. ನಾನು ಬಂದಿದ್ನಾ?"

ಪೊಟ್ಟಣ ಭಾವನನ್ನು ನೋಡಲಿಲ್ಲ. ಒಂದು ಮಾತು ಸಾಕಿತ್ತು. ಮುದುಕನ ಕೈ ಹಿಡಿದು ಎಲ್ಲರ ಮುಂದೆ ಎತ್ತಿ, ಇದರಲ್ಲಿ ಜೀವ ಇಲ್ಲ ಅಂದರೆ ಸಾಕಿತ್ತು. ಶೆಡ್ಡು ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು, ಅನ್ನದ ಮಾತು ಆಡಿದವನ ಬಾಯಿಗೇ ವಾಪಸ್ಸು ಹೋಗುತ್ತಿತ್ತು. ನಾಳೆಯಿಂದ ಆ ಮುಷ್ಟಿ ನಂಬಿ ಒಬ್ಬನೂ ಗೇಟಿಗೆ ಬರುತ್ತಿರಲಿಲ್ಲ, ಅಷ್ಟೇ.

ದೊಡ್ಡಪ್ಪನ ಕಣ್ಣು ಪೊಟ್ಟಣನ ಬರಿಗಾಲಿನ ಮೇಲಿತ್ತು. ಅಲ್ಲಿಂದ ಮೆಲ್ಲಗೆ ಬಾಗಿಲಿಗೆ, ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳ ನಡುವೆ ತಾನು ಮೆಟ್ಟಿಕೊಂಡು ಬಂದಿದ್ದ ಪೊಟ್ಟಣನ ಜೋಡಿಯ ಕಡೆಗೆ ಹೋಯಿತು. ಬಹಳ ಹೊತ್ತು ಅಲ್ಲೇ ಇತ್ತು. ಕೈಯಲ್ಲಿದ್ದ ಉಂಡೆ ಇನ್ನೂ ಹಾಗೇ ಇತ್ತು, ಅದನ್ನು ಎಲ್ಲಿಡಬೇಕು ಅಂತ ಮರೆತವನ ಹಾಗೆ ಹಿಡಿದುಕೊಂಡಿದ್ದ. ಆಮೇಲೆ ತಲೆಯೆತ್ತಿ, ಗೇಟಿನ ಬಳಿ ಆಡಿದ ಅದೇ ತಣ್ಣನೆಯ ದನಿಯಲ್ಲಿ ಕೇಳಿದ.

"ಹೇಳೋ. ಯಾರನ್ನ ನೋಡಿದೆ?"

ಬೇಡಿಕೊಂಡದ್ದೋ, ಸವಾಲು ಹಾಕಿದ್ದೋ? ಪೊಟ್ಟಣ ಮುದುಕನ ಮುಖವನ್ನು ತಡಕಾಡಿದ. ಏನೂ ಸಿಗಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಕಸಿಯಕ್ಕ, ಏನಾದ್ರೂ ಅನ್ನೋ ಪೊಟ್ಟಣ ಅಂತ ಹಿಂದಿನಿಂದ ಮೆಲ್ಲಗೆ ತಿವಿದಳು.

ಅವನು ಅವಳ ಕೈ ಸರಿಸಿದ. ಗೋಡೆಗೆ ಒರಗಿಸಿಟ್ಟಿದ್ದ ಸಲಿಕೆಯನ್ನು ದಾಟಿದ, ತೋಟಗಾರನಿಗೆ ಹೆಗಲು ತಗುಲಿಸಿಕೊಂಡು ಬಾಗಿಲು ದಾಟಿದ. ನೋಡಿದ್ರಾ ಮಾವ, ಸುಳ್ಳುಬುರುಕ ಅಂತ ಒಪ್ಕೊಂಡ ಹಾಗಾಯ್ತು ಅಂತ ಭಾವ ಹೇಳಿದ್ದು ಬೆನ್ನಿಗೆ ಕೇಳಿಸಿತು. ಅದಕ್ಕೆ ದೊಡ್ಡಪ್ಪ ಏನಾದರೂ ಅನ್ನುತ್ತಾನೇನೋ ಅಂತ ಹೆಜ್ಜೆ ನಿಧಾನ ಮಾಡಿದ. ದೊಡ್ಡಪ್ಪ ಏನೂ ಅನ್ನಲಿಲ್ಲ. ಪೊಟ್ಟಣ ತನ್ನ ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರಿಗಾಲಲ್ಲೇ ಕುಂಡಗಳ ಸಾಲಿನ ನಡುವೆ ಗೇಟಿನ ಕಡೆಗೆ ನಡೆದ.